ಮೀನುಮರಿ ಫೀಡಿಗೆ ಬೆರೆಸುವ ವಿಟಮಿನ್-ಮಿನರಲ್ ಪುಡಿ: ಎರಡು ಮಳೆಗಾಲ ಬಳಸಿದ ಮೇಲೆ

ಪುಡಿಯ ಬಗ್ಗೆ ತಕರಾರು ಕಡಿಮೆ. ಸಿಟ್ಟಿರುವುದು ಪೊಟ್ಟಣದ ಮೇಲೆ. ಒಂದು ಕೆ.ಜಿ.ಗಿಂತ ಚಿಕ್ಕದು ನನಗೆ ಸಿಕ್ಕಿಲ್ಲ.

ಹತ್ತು ಗುಂಟೆ ಕೊಳ, ಇಂಚುದ್ದದ 20,000 ಕಾಟ್ಲಾ-ರೋಹು ಮರಿ ಎಂದಿಟ್ಟುಕೊಳ್ಳಿ. ಶುರುವಿನಲ್ಲಿ ಅವುಗಳ ಒಟ್ಟು ತೂಕ ಐದು ಕೆ.ಜಿ. ಆಸುಪಾಸು. ತೂಕದ ಶೇ. 10ರಂತೆ ದಿನಕ್ಕೆ ಅರ್ಧ ಕೆ.ಜಿ. ಫೀಡು. ಕೆ.ಜಿ.ಗೆ 5 ಗ್ರಾಂ ಲೆಕ್ಕದಲ್ಲಿ ಪುಡಿ ಎರಡೂವರೆ ಗ್ರಾಂ! ಮರಿ ಬೆಳೆದಂತೆ ಫೀಡೂ ಏರುತ್ತದೆ; ಆದರೂ ಬೆರಳುದ್ದ ಆಗುವ ಎರಡೂವರೆ ತಿಂಗಳಿಗೆ ಸುಮಾರು 600 ಗ್ರಾಂ ಸಾಕು. ಮರಿ ಬಿಡುವುದು ಜುಲೈ-ಆಗಸ್ಟಿನಲ್ಲಿ, ಥಂಡಿ ಗಾಳಿಗೆ ಎಲ್ಲವೂ ತೇವ ಎಳೆಯುವ ಕಾಲ. ಬಾಯಿ ಬಿಚ್ಚಿದ ಪೊಟ್ಟಣ ಬೇಗ ಗಂಟು ಕಟ್ಟುತ್ತದೆ, ಬಣ್ಣ ಕಂದಾಗುತ್ತದೆ. ಮೊದಲು ಕೆಡುವುದು ವಿಟಮಿನ್ ಸಿ. ಅದರ ಕೊರತೆಯಾದರೆ ಮರಿಗಳ ಬೆನ್ನುಮೂಳೆ ಸೊಟ್ಟಗಾಗುತ್ತದೆ. ತಂದ ದಿನವೇ 100 ಗ್ರಾಂನಂತೆ ಒಣ ಡಬ್ಬಿಗಳಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಬಿಸಿಲು ತಾಗದ ಕಡೆ ಇಡಿ.

ಪೊಟ್ಟಣದ ಮೇಲೆ ‘ಫೀಡಿಗೆ ಬೆರೆಸಿ’ ಎಂದಷ್ಟೇ ಇದೆ. ಒಣಪುಡಿ ಉದುರಿಸಿದರೆ ಅದು ನೀರಿಗೆ ಹೋಗುತ್ತದೆ, ಮರಿಯ ಹೊಟ್ಟೆಗಲ್ಲ. ಅಂಟು ಬೇಕು. ಅನ್ನ ಬಸಿದ ಗಂಜಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಒಂದು ಕೆ.ಜಿ. ಕ್ರಂಬಲ್ (ಸಣ್ಣ ಕಾಳಿನ) ಫೀಡಿಗೆ 30-40 ಮಿ.ಲೀ., ಪೂರ್ತಿ ತಣಿದ ಮೇಲೆ. ಬಿಸಿ ಗಂಜಿಗೆ ವಿಟಮಿನ್ ನಿಲ್ಲದು. ಪುಡಿಯನ್ನು ಗಂಜಿಯಲ್ಲಿ ಕದಡಿ, ಅಗಲ ಬಾಂಡ್ಲಿಯಲ್ಲಿ ಫೀಡಿನ ಮೇಲೆ ಚಿಮುಕಿಸುತ್ತ ಬೆರಳ ತುದಿಯಲ್ಲೇ ಹೊರಳಿಸಿ. ಹಿಸುಕಿದರೆ ಕಾಳು ಒಡೆದು ಹಿಟ್ಟಾಗುತ್ತದೆ. ನೆರಳಲ್ಲಿ ಇಪ್ಪತ್ತು ನಿಮಿಷ ಹರವಿಟ್ಟು, ಕೈಗೆ ಅಂಟದಂತಾದ ಮೇಲೆ ನಾಲ್ಕು ಕಾಳು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ. ಎರಡು-ಮೂರು ನಿಮಿಷ ನೀರು ತಿಳಿಯಾಗಿದ್ದರೆ ಲೇಪ ಕೂತಿದೆ. ಆವತ್ತಿನದು ಆವತ್ತೇ ಮುಗಿಯಬೇಕು, ಗಂಜಿ ಹುಳಿಯುತ್ತದೆ.

ಕಡಲೆಕಾಯಿ ಹಿಂಡಿ-ಅಕ್ಕಿ ತೌಡು ಕೊಡುವವರಿಗೆ ಇಷ್ಟು ಕೆಲಸವಿಲ್ಲ. ರಾತ್ರಿ ನೆನೆಸಿದ ಹಿಂಡಿಗೆ ತೌಡು ಕಲಸಿ, ಉಂಡೆ ಕಟ್ಟುವ ಮುಂಚೆ ಪುಡಿ ಸೇರಿಸಿದರಾಯಿತು.

ಪರಿಣಾಮ ಕೊಳಕ್ಕೆ ತಕ್ಕಂತೆ. ಸಗಣಿ ಗೊಬ್ಬರ ಹಾಕಿ ನೀರು ತಿಳಿಹಸಿರು ಬಂದ ಮಣ್ಣಿನ ಕೊಳದಲ್ಲಿ ಮರಿಗೆ ಪ್ಲವಕವೇ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳೇ) ಬಹುಪಾಲು ಒದಗಿಸುತ್ತದೆ. ಅಲ್ಲಿ ಈ ಖರ್ಚು ಅಷ್ಟಾಗಿ ಗಿಟ್ಟುವುದಿಲ್ಲ. ಟಾರ್ಪಾಲಿನ್ ಹೊಂಡ, ಸಿಮೆಂಟ್ ತೊಟ್ಟಿಗೆ ಬಿಡದೆ ಹಾಕಿ. ಅಲ್ಲಿ ಮರಿ ಬದುಕುವುದು ನೀವು ಕೊಟ್ಟದ್ದರಿಂದ ಮಾತ್ರ. ಹದಿನೈದು ದಿನಕ್ಕೊಮ್ಮೆ ಬೀಸುಬಲೆ ಹಾಕಿ ಐವತ್ತು ಮರಿ ತೂಗಿದಾಗ ಕಂಡ ಖುಷಿ ಬೇರೆಯೇ: ತೂಕಕ್ಕಿಂತ ಹೆಚ್ಚಾಗಿ ಮರಿಗಳ ಅಳತೆ ಒಂದೇ ಸಮ ಬಂದಿತ್ತು, ಸೊಟ್ಟ ಬೆನ್ನಿನದು ಒಂದೂ ಇರಲಿಲ್ಲ.

250 ಗ್ರಾಂ ಪೊಟ್ಟಣ ಬರುವವರೆಗೆ ಅಕ್ಕಪಕ್ಕದ ಕೊಳದವರು ಸೇರಿ ಕೊಂಡು ಹಂಚಿಕೊಳ್ಳುವುದು ವಾಸಿ. ಕೊಳ್ಳುವಾಗ ತಯಾರಿಸಿದ ತಿಂಗಳು ನೋಡಿ, ಹೋದ ವರ್ಷದ್ದಾದರೆ ಬಿಟ್ಟುಬಿಡಿ.