ಗೋಣಿಕೊಪ್ಪಕ್ಕೆ ಬರುವ ದವಡೆ ಸರ್ಜನ್: ಮುಖಕ್ಕೆ ಪೆಟ್ಟಾದರೆ ಮೊದಲು ಇಲ್ಲಿಗೆ ಹೋಗಿ

ಮೆಣಸು ಕೊಯ್ಲು ಶುರುವಾದರೆ ಸಾಕು, ಏಣಿಯಿಂದ ಬಿದ್ದವರ ಸುದ್ದಿ ಪ್ರತಿ ವರ್ಷ ಬರುತ್ತದೆ. ಕೈ ಕಾಲು ಮುರಿದರೆ ಯಾವ ಡಾಕ್ಟರ್ ಹತ್ತಿರ ಹೋಗಬೇಕು ಅಂತ ಎಲ್ಲರಿಗೂ ಗೊತ್ತು. ದವಡೆ ಮುರಿದರೆ? ನಮ್ಮ ಕಡೆ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಸಿಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೈಸೂರಿನಿಂದ ಕೊಡಗಿನ ಗೋಣಿಕೊಪ್ಪದ ಒಂದು ಡೆಂಟಲ್ ಕ್ಲಿನಿಕ್‌ಗೆ ಓರಲ್ ಮತ್ತು ಮ್ಯಾಕ್ಸಿಲೋಫೇಶಿಯಲ್ ಸರ್ಜನ್ ಒಬ್ಬರು ಬಂದು ಹೋಗುತ್ತಾರೆ. ಅಂದರೆ ದವಡೆ, ಬಾಯಿ, ಮುಖದ ಮೂಳೆ ನೋಡುವವರು. ಹಲ್ಲಿನ ಡಾಕ್ಟರ್ ಪದವಿ ಬಿ.ಡಿ.ಎಸ್. ಮುಗಿಸಿ, ಮೇಲೆ ಮೂರು ವರ್ಷ ಎಂ.ಡಿ.ಎಸ್. ಇದರಲ್ಲೇ ಮಾಡಿರುತ್ತಾರೆ.

ನಮ್ಮ ಭಾವ ಸಿದ್ದಾಪುರದ ಹತ್ತಿರ ತೋಟದಲ್ಲಿ ಏಣಿ ಜಾರಿ ಗದ್ದ ನೆಲಕ್ಕೆ ಹೊಡೆಯುವ ಹಾಗೆ ಬಿದ್ದರು. ಗದ್ದದ ಕೆಳಗೆ ಚರ್ಮ ಸೀಳಿ ರಕ್ತ ಸುರಿಯುತ್ತಿತ್ತು. ಮೊದಲು ಹೋದ ಕಡೆ ಹೊಲಿಗೆ ಹಾಕಿ, ಟಿ.ಟಿ. ಚುಚ್ಚಿ, ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಬಾಯಿ ತೆಗೆದು ನೋಡಲೇ ಇಲ್ಲ. ಬೆಳಗ್ಗೆ ಅಕ್ಕಿ ರೊಟ್ಟಿ ಕಚ್ಚಲು ಹೋದರೆ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುತ್ತಿಲ್ಲ. ಹಿಂದಿನ ದವಡೆ ಹಲ್ಲು ಮಾತ್ರ ಕೂರುತ್ತಿವೆ. ಕೆಳ ತುಟಿಯ ಎಡಭಾಗ ಮರಗಟ್ಟಿದೆ. ಊತಕ್ಕೆ ಹೀಗೆ ಆಗಿರಬೇಕು, ಎರಡು ದಿನ ಬಿಡಿ ಅಂತ ಹೇಳಿದವರೇ ಜಾಸ್ತಿ. ಪುಣ್ಯಕ್ಕೆ ಪಕ್ಕದ ಮನೆಯವರು ಈ ಕ್ಲಿನಿಕ್ ಹೆಸರು ಹೇಳಿದರು.

ಇಲ್ಲಿ ನನಗೆ ಇಷ್ಟವಾಗಿದ್ದು ಪರೀಕ್ಷೆ ಮಾಡಿದ ರೀತಿ. ಡಾಕ್ಟರ್ ಎಕ್ಸ್‌ರೇ ಬರೆಯುವ ಮೊದಲೇ ಕೇಳಿದ್ದು ಒಂದೇ ಮಾತು: "ಹಲ್ಲು ಕಚ್ಚಿ ನೋಡಿ ಸರ್, ಮೊದಲಿನ ಹಾಗೇ ಕೂರ್ತಾವಾ?" ಆಮೇಲೆ ಎರಡೂ ಕಿವಿಯೊಳಗೆ ಕಿರುಬೆರಳಿನ ತುದಿ ಇಟ್ಟು, ನಿಧಾನ ಬಾಯಿ ತೆಗೆದು ಮುಚ್ಚಿಸಿದರು. ದವಡೆಯ ಕೀಲು ಕಿವಿಯ ಮುಂದೆಯೇ ಇರುವುದರಿಂದ ಅದು ಅಲ್ಲಾಡುವುದು ಬೆರಳಿಗೆ ಗೊತ್ತಾಗುತ್ತದಂತೆ. ನಾಲಿಗೆ ಎತ್ತಿಸಿ ಅದರ ಅಡಿಯನ್ನು ಟಾರ್ಚ್ ಹಾಕಿ ನೋಡಿದರು. ಅಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗಿದ್ದರೆ ಕೆಳದವಡೆ ಮುರಿದಿರುವ ಅನುಮಾನ ಬಲವಾಗುತ್ತದೆ. ಭಾವನಿಗೆ ಹಾಗೇ ಆಗಿತ್ತು. ಕೊನೆಗೆ ಒಂದು ತೆಳು ಮರದ ಪಟ್ಟಿ ಕಚ್ಚಿಸಿ ಮೆಲ್ಲಗೆ ತಿರುಗಿಸಿದರು. ದವಡೆ ಗಟ್ಟಿ ಇದ್ದವರು ಪಟ್ಟಿ ಮುರಿದರೂ ಬಿಡುವುದಿಲ್ಲ. ಭಾವ ಸ್ವಲ್ಪ ತಿರುಗಿಸುವಷ್ಟರಲ್ಲೇ ನೋವಿಗೆ ಬಿಟ್ಟುಬಿಟ್ಟರು.

ನಂತರ ಓ.ಪಿ.ಜಿ. ಎಕ್ಸ್‌ರೇ. ಮೆಷಿನ್ ತಲೆಯ ಸುತ್ತ ತಿರುಗಿ ಪೂರ್ತಿ ದವಡೆಯನ್ನು ಒಂದೇ ಫಿಲಂನಲ್ಲಿ ತೋರಿಸುತ್ತದೆ. ಗದ್ದದ ಪಕ್ಕ ಒಂದು ಬಿರುಕು, ಎರಡೂ ಕಡೆ ಕೀಲಿನ ಕುತ್ತಿಗೆ ಮುರಿದಿದೆ. ಗದ್ದಕ್ಕೆ ಬಿದ್ದ ಏಟು ನೇರ ಮೇಲೆ ಹೋಗಿ ಕೀಲನ್ನು ಮುರಿಯುತ್ತದೆ ಅಂತ ಡಾಕ್ಟರ್ ಪರದೆ ಮೇಲೆ ತೋರಿಸಿದರು. ಇದಕ್ಕೆ ಗಾರ್ಡ್ಸ್‌ಮನ್ ಫ್ರಾಕ್ಚರ್ ಅಂತಲೇ ಹೆಸರು. ಪರೇಡ್‌ನಲ್ಲಿ ನಿಂತು ನಿಂತು ತಲೆ ಸುತ್ತಿ, ಗದ್ದದ ಮೇಲೆ ಬೀಳುವ ಸೈನಿಕರಲ್ಲಿ ಕಂಡಿದ್ದರಿಂದ ಆ ಹೆಸರು ಬಂತು. ಭಾವ ಸೇನೆಯಲ್ಲಿದ್ದು ರಿಟೈರ್ ಆದವರು, ಅವರಿಗೆ ತಕ್ಷಣ ಅರ್ಥವಾಯಿತು. ಹೊಲಿಗೆ ಹಾಕಿ ಕಳಿಸಿದವರು ಅದೇ ಗದ್ದ ನೋಡಿ ಕಿವಿಯ ಮುಂದೆ ಒಮ್ಮೆ ಒತ್ತಿ ನೋಡಿದ್ದರೂ ಸಾಕಿತ್ತು ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಪರೇಷನ್ ಮೈಸೂರಿನಲ್ಲಿ ಅವರೇ ಮಾಡಿದರು. ತಿತಿಮತಿ, ಹುಣಸೂರು ದಾಟಿ ಹೋಗಬೇಕು, ಅದು ತಪ್ಪಲಿಲ್ಲ. ಕೆಳ ತುಟಿಯ ಒಳಗಡೆಯಿಂದ ಕುಯ್ದು ಟೈಟಾನಿಯಂ ಪ್ಲೇಟ್ ಮತ್ತು ಸ್ಕ್ರೂ ಹಾಕಿದ್ದಾರೆ, ಹೊರಗೆ ಅದರ ಗುರುತೇ ಇಲ್ಲ. ಅರಿವಳಿಕೆಯ ಟ್ಯೂಬ್ ಮೂಗಿನಿಂದ ಹಾಕುತ್ತಾರೆ. ಬಾಯಿಯಿಂದ ಹಾಕಿದರೆ ಹಲ್ಲು ಕೂರಿಸಿ ನೋಡಲು ಆಗುವುದಿಲ್ಲ, ಹಲ್ಲು ಸರಿಯಾಗಿ ಕೂತ ಮೇಲೇ ಮೂಳೆ ಬಿಗಿಯುವುದು. ಕೀಲಿಗೆ ಕತ್ತರಿ ಹಾಕಲಿಲ್ಲ. ಹಲ್ಲಿನ ಸಾಲಿಗೆ ಸಣ್ಣ ಕೊಕ್ಕೆಗಳಿರುವ ಪಟ್ಟಿ ಕಟ್ಟಿ, ಮೇಲಿಂದ ಕೆಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದರು. ವಾಂತಿ ಬಂದರೆ ಕತ್ತರಿಸಲು ಸಣ್ಣ ಕತ್ತರಿ ಯಾವಾಗಲೂ ಜೇಬಲ್ಲಿರಲಿ ಅಂತ ನಮಗೂ ಕತ್ತರಿಸುವುದನ್ನು ಹೇಳಿಕೊಟ್ಟರು.

ಊಟದ್ದೇ ದೊಡ್ಡ ಕಷ್ಟ. ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ಸೋಸಿದ ಬೇಳೆ ಕಟ್ಟು, ಅಷ್ಟೇ. ಕಡಂಬುಟ್ಟು, ಪಂದಿ ಕರಿ ತಿನ್ನುವ ಮನುಷ್ಯ ಚೆನ್ನಾಗಿ ತೂಕ ಇಳಿದರು. ರಬ್ಬರ್ ತೆಗೆದ ಮೇಲೆ ಬಾಯಿ ತೆಗೆಯುವ ವ್ಯಾಯಾಮ. ಅದನ್ನು ಬಿಟ್ಟರೆ ಕೀಲು ಬಿಗಿದು ಅಂಟಿಕೊಳ್ಳುವ ಅಪಾಯವಿದೆ ಅಂತ ಡಾಕ್ಟರ್ ಪ್ರತಿ ಸಲ ಹೇಳುತ್ತಿದ್ದರು, ಪ್ರತಿ ಸಲ ಸ್ಕೇಲ್ ಇಟ್ಟು ಅಳೆಯುತ್ತಿದ್ದರು. ಈಗ ಭಾವನ ಬಾಯಿಗೆ ಅವರದೇ ಮೂರು ಬೆರಳು ನಿಲ್ಲಿಸಿದರೆ ಹೋಗುತ್ತದೆ. ತುಟಿಯ ಜೋಮು ಇನ್ನೂ ಸ್ವಲ್ಪ ಇದೆ. ನರ ನಿಧಾನಕ್ಕೆ ಚೇತರಿಸುತ್ತದೆ, ತಿಂಗಳುಗಟ್ಟಲೆ ಬೇಕು ಅಂತ ಮೊದಲೇ ಹೇಳಿದ್ದರು.

ಕೊರತೆ ಇಲ್ವಾ? ಇದೆ. ಡಾಕ್ಟರ್ ದಿನಾ ಇರುವುದಿಲ್ಲ. ಕಾಯುವ ಜಾಗ ಚಿಕ್ಕದು, ಸಂತೆ ದಿನ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಸಿ.ಟಿ. ಬೇಕಾದರೆ ಬೇರೆ ಕಡೆ ಹೋಗಬೇಕು. ಬಿಲ್ ಮಾತ್ರ ಬಿಡಿಬಿಡಿಯಾಗಿ ಬರೆದು ಕೊಟ್ಟರು, ಪ್ಲೇಟಿಗೆ ಎಷ್ಟು, ಅರಿವಳಿಕೆಗೆ ಎಷ್ಟು, ಎಲ್ಲ.

ಅಲ್ಲಿ ಕಾಯುವಾಗ ಇನ್ನೊಂದು ನೋಡಿದೆ. ವಯಸ್ಸಾದ ಒಬ್ಬ ಅಮ್ಮನಿಗೆ ಒಂದು ಬೆರಳು ಹೋಗುವಷ್ಟು ಮಾತ್ರ ಬಾಯಿ ತೆಗೆಯಲು ಆಗುತ್ತಿತ್ತು, ಖಾರ ತಾಗಿದರೆ ಉರಿ. ಅಡಿಕೆಯಿಂದ. ಹೊಗೆಸೊಪ್ಪು ಹಾಕದಿದ್ದರೂ ಬರುತ್ತದೆ. ಕೆನ್ನೆಯ ಒಳಗೆ ನಾರಿನ ಹಾಗೆ ಬಿಗಿಯುತ್ತಾ ಹೋಗುತ್ತದೆ, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ನಿಮ್ಮ ಮನೆಯಲ್ಲಿ ಎಲೆ ಅಡಿಕೆ ಹಾಕುವ ಹಿರಿಯರಿದ್ದರೆ ಮೂರು ಬೆರಳು ಹೋಗುತ್ತಾ ಅಂತ ಒಮ್ಮೆ ನೋಡಿ. ಬಾಯಿಯ ಹುಣ್ಣು ಎರಡು ವಾರ ದಾಟಿದರೂ ಮಾಯದಿದ್ದರೆ ಸುಮ್ನೆ ಮುಲಾಮು ಹಚ್ಚುತ್ತಾ ಕೂರಬೇಡಿ, ಕರೆದುಕೊಂಡು ಹೋಗಿ.

ಮಕ್ಕಳು ಬಿದ್ದು ಶಾಶ್ವತ ಹಲ್ಲು (ಹಾಲು ಹಲ್ಲಲ್ಲ) ಬುಡಸಮೇತ ಬಂದರೆ ಬೇರು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ತಕ್ಷಣ ಹೊರಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಮತ್ತೆ ಕೂರಿಸುವ ಅವಕಾಶ ಚೆನ್ನಾಗಿರುತ್ತದೆ. ಇದಕ್ಕೆ ಸರ್ಜನ್ ಬರುವ ದಿನ ಕಾಯಬೇಡಿ, ಕ್ಲಿನಿಕ್‌ನ ಡೆಂಟಿಸ್ಟ್ ದಿನಾ ಇರುತ್ತಾರೆ. ಬೇರೆ ತೊಂದರೆಗೆ ಫೋನ್ ಮಾಡಿ ದಿನ ಕೇಳಿಕೊಂಡೇ ಹೋಗಿ, ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ.