ಎಟಿಮೆಗಾ328ಪಿ: 3.3 ವೋಲ್ಟ್‌ನಲ್ಲಿ 16 ಮೆಗಾಹರ್ಟ್ಜ್, ತುಂಬಾ ಕಾಲ ಓಡಿಸಿದ ಅನುಭವ

ಎಟಿಮೆಗಾ328ಪಿ ಅಂದ್ರೆ ಆರ್ಡುಯಿನೋ ಊನೋ ಬೋರ್ಡಲ್ಲಿರೋ ಮೈಕ್ರೋಕಂಟ್ರೋಲರ್, ಅಂದ್ರೆ ಪುಟಾಣಿ ಕಂಪ್ಯೂಟರ್ ಚಿಪ್. ತೋಟದ ನೀರಿನ ಟ್ಯಾಂಕ್ ಲೆವೆಲ್ ನೋಡೋಕೆ ಇದನ್ನ ಹಾಕಿದೀನಿ, ಮೊದಲ ಕೆಲವು ವರ್ಷ 16 ಮೆಗಾಹರ್ಟ್ಜ್ ಕ್ರಿಸ್ಟಲ್ (ಚಿಪ್‌ನ ವೇಗ ನಿರ್ಧರಿಸೋ ಭಾಗ) ಜೊತೆ 3.3 ವೋಲ್ಟ್‌ನಲ್ಲೇ ಓಡಿಸಿದ್ದು. ಹೀಗೆ ಮಾಡೋರು ತುಂಬಾ ಜನ ಇದಾರೆ, ಯಾಕಂದ್ರೆ ಎನ್‌ಆರ್‌ಎಫ್24 ರೇಡಿಯೋ, ಎಸ್‌ಡಿ ಕಾರ್ಡ್ ಎಲ್ಲಾ 3.3ರವು, ಒಂದೇ ರೆಗ್ಯುಲೇಟರ್ ಸಾಕು, ಊನೋಗೆ ಬರೆದ ಕೋಡ್ ಹಾಗೇ ನಡೆಯುತ್ತೆ.

ಡೇಟಾಶೀಟ್ ಪ್ರಕಾರ 1.8 ವೋಲ್ಟ್‌ಗೆ 4 ಮೆಗಾಹರ್ಟ್ಜ್, 2.7ಕ್ಕೆ 10, 4.5ಕ್ಕೆ 20, ಮಧ್ಯೆ ನೇರ ಗೆರೆ. ಲೆಕ್ಕ ಹಾಕಿದ್ರೆ 3.3ಕ್ಕೆ ಸಿಗೋದು ಸುಮಾರು 13.3, 16 ಬೇಕಂದ್ರೆ 3.78 ವೋಲ್ಟ್ ಆದ್ರೂ ಬೇಕು. ವೋಲ್ಟೇಜ್ ಇಳಿದಷ್ಟೂ ಒಳಗಿನ ಟ್ರಾನ್ಸಿಸ್ಟರ್‌ಗಳು ನಿಧಾನ ಆಗ್ತವೆ, ಬಿಸಿ ಏರಿದ್ರೂ ಹಂಗೇ, ಮುಂದಿನ ಕ್ಲಾಕ್ ಬರೋಷ್ಟರಲ್ಲಿ ಡೇಟಾ ತಲುಪದೇ ಇದ್ರೆ ಚಿಪ್ ಏನೋ ತಪ್ಪು ಮಾಡುತ್ತೆ.

ಟೇಬಲ್ ಮೇಲೆ ಒಂದು ದಿನಾನೂ ತೊಂದ್ರೆ ಕೊಟ್ಟಿಲ್ಲ. ತಗಡಿನ ಕೆಳಗಿರೋ ಬಾಕ್ಸಲ್ಲಿ, ಏಪ್ರಿಲ್ ಮಧ್ಯಾಹ್ನ, ರೇಡಿಯೋ ಕಳಿಸೋ ಗಳಿಗೇಲಿ ಸಪ್ಲೈ ಚೂರು ಕುಸಿಯುತ್ತಲ್ಲ, ಅಲ್ಲಿ ಕೈ ಕೊಡೋಕೆ ಶುರುವಾಯ್ತು. ಹ್ಯಾಂಗ್ ಆದ್ರೆ ವಾಚ್‌ಡಾಗ್ (ಚಿಪ್ ಸ್ತಬ್ಧ ಆದ್ರೆ ರೀಸೆಟ್ ಮಾಡೋ ಟೈಮರ್) ಎಬ್ಬಿಸುತ್ತೆ, ಪರವಾಗಿಲ್ಲ. ಆದ್ರೆ ಈಈಪ್ರಾಮ್‌ನಲ್ಲಿ (ಪವರ್ ಹೋದ್ರೂ ಉಳಿಯೋ ಮೆಮೊರಿ) ಇಟ್ಟಿದ್ದ ಟ್ಯಾಂಕ್ ಎತ್ತರ 120 ಸೆಂಟಿಮೀಟರ್ ಹೋಗಿ 255 ಆಗಿತ್ತು, ಅಂದ್ರೆ ಅಳಿಸಿಹೋದ ಬೈಟ್. ಎತ್ತರ 255 ಅಂತ ಲೆಕ್ಕ ಹಾಕಿದ್ದಕ್ಕೆ ಖಾಲಿ ಟ್ಯಾಂಕು ಮನೆಯ ಡಿಸ್‌ಪ್ಲೇಲಿ ಅರ್ಧಕ್ಕಿಂತ ಜಾಸ್ತಿ ಇದೆ ಅಂತ ತೋರಿಸ್ತಿತ್ತು, ಗಿಡಕ್ಕೆ ನೀರಿಲ್ಲ.

ಇದಕ್ಕೆ ಬ್ರೌನ್‌ಔಟ್ (ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದ್ರೆ ಚಿಪ್ ರೀಸೆಟ್ ಮಾಡೋ ಕಾವಲು) ಇದೆಯಲ್ಲ ಅಂತೀರಿ. ನೋಡಿ, ಫ್ಯೂಸ್‌ನಲ್ಲಿ (ಚಿಪ್ ಒಳಗೆ ಬರೆದಿಡೋ ಸೆಟ್ಟಿಂಗ್) ಸಿಗೋದು ಮೂರೇ ಮಟ್ಟ, 1.8, 2.7, 4.3. 4.3 ಇಟ್ರೆ 3.3ಕ್ಕೆ ಚಿಪ್ ರೀಸೆಟ್‌ನಿಂದ ಹೊರಗೇ ಬರಲ್ಲ. 2.7 ಇಟ್ರೆ 3.78ರಿಂದ 2.7ರವರೆಗೂ ಕಾಯೋರೇ ಇಲ್ಲ, ತಪ್ಪು ನಡೆಯೋದು ಆ ಜಾಗದಲ್ಲೇ. ಅಂದ್ರೆ 3.3ಕ್ಕೆ 16 ಇಟ್ಕೊಂಡ್ರೆ ಸರಿಯಾದ ಬ್ರೌನ್‌ಔಟ್ ಸೆಟ್ಟಿಂಗ್ ಅನ್ನೋದೇ ಇಲ್ಲ, ಓಡುತ್ತೋ ಇಲ್ವೋ ಅನ್ನೋದಕ್ಕಿಂತ ನಂಗೆ ಇದೇ ದೊಡ್ಡ ವಿಷಯ. ಚಿಪ್ಪನ್ನ ಬೈಯೋ ಹಾಗಿಲ್ಲ, ಇಷ್ಟು ಕೊಡಿ ಅಂತ ಅದು ಮೊದಲೇ ಹೇಳಿದೆ.

8 ಮೆಗಾಹರ್ಟ್ಜ್‌ಗೆ ಇಳಿಸಿದ ಮೇಲೆ ಬೇಸಿಗೆ ಬಂದ್ರೂ ಗಲಾಟೆ ಇಲ್ಲ. ಅದಕ್ಕೆ ಬೇಕಾದ್ದು 2.4 ವೋಲ್ಟ್, ಬ್ರೌನ್‌ಔಟ್ 2.7ರಲ್ಲಿ, ಚಿಪ್ ತಡವರಿಸೋ ಮುಂಚೆನೇ ರೀಸೆಟ್ ಆಗುತ್ತೆ, ಕರೆಂಟೂ ಕಮ್ಮಿ. ಕ್ರಿಸ್ಟಲ್ ಬದಲಾಯಿಸೋಕೆ ಆಗದಿದ್ರೆ ಕ್ಲಾಕನ್ನ 8ರಿಂದ ಭಾಗಿಸೋ ಸಿಕೆಡಿವ್8 ಫ್ಯೂಸ್ ಹಾಕಿ, 2 ಮೆಗಾಹರ್ಟ್ಜ್‌ನಲ್ಲಿ ಶುರುವಾಗುತ್ತೆ, ಆಮೇಲೆ ಕೋಡಲ್ಲಿ ಪ್ರಿಸ್ಕೇಲರ್ (ಕ್ಲಾಕನ್ನ ಎಷ್ಟರಿಂದ ಭಾಗಿಸಬೇಕು ಅನ್ನೋದು) 2ಕ್ಕೆ ತನ್ನಿ, 8 ಸಿಗುತ್ತೆ. ಸೀರಿಯಲ್ ಮೂಲಕ ಕೋಡ್ ತುಂಬಿಸ್ಕೊಳ್ಳೋ ಬೂಟ್‌ಲೋಡರ್‌ನ ಬಾಡ್ ರೇಟ್ (ಸೀರಿಯಲ್ ವೇಗ) ಮಾತ್ರ ಕೆಟ್ಟುಹೋಗುತ್ತೆ, ಚಿಪ್‌ಗೆ ನೇರವಾಗಿ ಕೋಡ್ ಬರೆಯೋ ಐಎಸ್‌ಪಿ ಪ್ರೋಗ್ರಾಮರ್ ಇಟ್ಕೊಳ್ಳಿ. ಸೀರಿಯಲ್ 115200 ಬೇಡ, 8ಕ್ಕೆ ಅದ್ರಲ್ಲಿ 3.5 ಪರ್ಸೆಂಟ್ ತಪ್ಪು ಬರುತ್ತೆ, 38400 ಚೆನ್ನಾಗಿ ಕೂರುತ್ತೆ.

16 ಬೇಕೇ ಬೇಕು ಅನ್ನೋರು ಚಿಪ್‌ಗೆ 5 ವೋಲ್ಟ್ ಕೊಟ್ಬಿಡಿ. ಎನ್‌ಆರ್‌ಎಫ್24ಎಲ್01 ಪ್ಲಸ್‌ನ ಇನ್‌ಪುಟ್ ಪಿನ್‌ಗಳು 5 ವೋಲ್ಟ್ ತಡ್ಕೋತವೆ, ಪವರ್ ಪಿನ್‌ಗೆ ಮಾತ್ರ 3.3 ವೋಲ್ಟೇ ಕೊಡ್ಬೇಕು. ಎಸ್‌ಡಿ ಕಾರ್ಡ್ ತಡೆಯಲ್ಲ, ಅದಕ್ಕೆ 5 ವೋಲ್ಟ್ ಸಿಗ್ನಲ್‌ನ 3.3ಕ್ಕೆ ಇಳಿಸೋ ಲೆವೆಲ್ ಶಿಫ್ಟರ್ ಹಾಕ್ಲೇಬೇಕು.