ಎಸ್ಐಆರ್ ಮಾಡೆಲ್ಲಾ, ಟೈಮ್ ಸೀರೀಸ್ಸಾ: ಫ್ಲೂ ಪ್ರಾಜೆಕ್ಟಿಗೆ ಯಾವ್ದು?

ಹಾಸನದಲ್ಲಿ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಓದ್ತಾ ಜ್ವರ-ಕೆಮ್ಮು ಹರಡೋದ್ರ ಮೇಲೆ ಪ್ರಾಜೆಕ್ಟ್ ತಗೊಂಡೋರಿಗೆ ಮೊದ್ಲು ಬರೋ ತಲೆನೋವು ಇದೇ.

ಎಸ್ಐಆರ್ ಅಂದ್ರೆ ಸೋಂಕು ಹೆಂಗೆ ಹರಡುತ್ತೆ ಅಂತ ಲೆಕ್ಕ ಹಾಕೋ ಗಣಿತದ ಮಾಡೆಲ್, 1927ರಲ್ಲಿ ಕರ್ಮ್ಯಾಕ್, ಮೆಕೆಂಡ್ರಿಕ್ ಅನ್ನೋ ವಿಜ್ಞಾನಿಗಳು ಕೊಟ್ಟಿದ್ದು. ಜನನ್ನ ಮೂರು ಗುಂಪು ಮಾಡ್ತೀರಿ, ಸೋಂಕು ತಗುಲಬಹುದಾದೋರು (ಎಸ್), ತಗುಲಿರೋರು (ಐ), ವಾಸಿಯಾದೋರು (ಆರ್), ಆಮೇಲೆ ಯಾರು ಯಾವ ಸ್ಪೀಡಲ್ಲಿ ಮುಂದಿನ ಗುಂಪಿಗೆ ಹೋಗ್ತಾರೆ ಅನ್ನೋದೇ ಲೆಕ್ಕ. ಹರಡೋ ದರನ ವಾಸಿಯಾಗೋ ದರದಿಂದ ಭಾಗಿಸಿದ್ರೆ ಆರ್ ನಾಟ್, ಅಂದ್ರೆ ಶುರುವಲ್ಲಿ ಒಬ್ಬ ಸೋಂಕಿತನಿಂದ ಸರಾಸರಿ ಎಷ್ಟು ಜನಕ್ಕೆ ಹರಡುತ್ತೆ ಅನ್ನೋ ಸಂಖ್ಯೆ, ಅದು 1 ದಾಟಿದ್ರೆ ಕೇಸ್ ಏರುತ್ತೆ. ಶಾಲೆಗೆ ರಜಾ ಕೊಟ್ರೆ ಏನಾಗುತ್ತೆ, ಅರ್ಧ ಜನಕ್ಕೆ ಲಸಿಕೆ ಹಾಕಿದ್ರೆ ಏನಾಗುತ್ತೆ ಅಂತ ಆಡಿ ನೋಡೋಕೆ ಇದೇ ಬೆಸ್ಟು. ಆದ್ರೆ ಸಾದಾ ಎಸ್ಐಆರ್ ಪ್ರಕಾರ ಎಲ್ಲರೂ ಎಲ್ಲರ ಜೊತೆ ಒಂದೇ ಥರ ಬೆರೀತಾರೆ, ಸಕಲೇಶಪುರದ ಎಸ್ಟೇಟ್ ಲೈನ್ ಮನೇಲಿರೋರಿಗೂ ಹಾಸನ ಬಸ್ ಸ್ಟ್ಯಾಂಡಲ್ಲಿ ನೂಕಾಡೋರಿಗೂ ಒಂದೇ ಲೆಕ್ಕ ಹೆಂಗಾಗುತ್ತೆ ಹೇಳಿ!

ಟೈಮ್ ಸೀರೀಸ್ ರಿಗ್ರೆಶನ್ ಅಂದ್ರೆ ಹಿಂದಿನ ಲೆಕ್ಕ ನೋಡಿ ಮುಂದಿನದ್ದು ಅಂದಾಜು ಮಾಡೋದು, ಅದಕ್ಕೆ ವಾರವಾರದ ಕೇಸು, ಮಳೆ, ತೇವಾಂಶ ಸಾಕು. ಎಣಿಕೆ ಡೇಟಾ ಆದ್ರಿಂದ ಎಣಿಕೆಗೇ ಅಂತ ಇರೋ ಪಾಯ್ಸನ್ ಮಾಡೆಲ್ ಹಾಕಿ, ಏರುಪೇರು ಜಾಸ್ತಿ ಇದ್ರೆ ಅದನ್ನ ತಡ್ಕೊಳ್ಳೋ ನೆಗೆಟಿವ್ ಬೈನಾಮಿಯಲ್ ಮಾಡೆಲ್. ಮಳೆಗಾಲದ ಏರಿಕೆ ಚೆನ್ನಾಗಿ ಹಿಡಿಯುತ್ತೆ, ಹೊಸ ವೈರಸ್ ಬಂದ್ರೆ ಮಾತ್ರ ಕೈಕೊಡುತ್ತೆ, ಹಿಂದಿನದ್ದು ನೋಡೇ ತಾನೇ ಅದು ಕಲ್ತಿರೋದು.

ನನ್ನ ಕೇಳಿದ್ರೆ, ಮೂರ್ನಾಲ್ಕು ವರ್ಷದ ಡೇಟಾ ಕೈಲಿದ್ರೆ ಟೈಮ್ ಸೀರೀಸ್, ಒಂದೇ ಅಲೆ ಇದ್ರೆ ಎಸ್ಐಆರ್. ಎರಡೂ ಆರ್ ಸಾಫ್ಟ್‌ವೇರಲ್ಲಿ ಫ್ರೀಯಾಗಿ ಆಗುತ್ತೆ. ಮತ್ತೆ ಮನೇಲೇ ಕಷಾಯ ಕುಡಿದು ಮಲಗಿದೋರು ಆಸ್ಪತ್ರೆ ಲೆಕ್ಕದಲ್ಲಿ ಇರಲ್ಲ, ಅದನ್ನ ರಿಪೋರ್ಟಲ್ಲಿ ಬರೀರಿ, ವೈವಾದಲ್ಲಿ ಕೇಳೇ ಕೇಳ್ತಾರೆ.